ಹಳೆಯ ಹಾಯಿದೋಣಿ: ಎಷ್ಟು ಅಡಿ, ಎಷ್ಟು ಬೇಸಿಗೆ?

ಹಾಯಿದೋಣಿಯೊಂದರ ಚುಕ್ಕಾಣಿಯ ಬಳಿ ಮೊಮ್ಮಕ್ಕಳೊಡನೆ ಕುಳಿತಿರುವ ನನ್ನ ಭಾವಚಿತ್ರವನ್ನು ಕಂಡ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದ್ದಾರೆ: "ಸರ್, ನಿಮ್ಮ ಅಳಿಯ ಅಷ್ಟೊಂದು ಸಿರಿವಂತರೇ?" ಬಂಧುಗಳು ಬಾಯಿಬಿಟ್ಟು ಕೇಳಿಲ್ಲ, ಆದರೆ ಅವರ ಮನಸ್ಸಿನಲ್ಲೂ ಇದೇ ಪ್ರಶ್ನೆ ಸುಳಿದಿರಬೇಕೆಂದು ಅವರ ಮೌನದಿಂದಲೇ ಊಹಿಸಬಲ್ಲೆ! ಸಂಗತಿ ಹಾಗಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ನಲವತ್ತು ವರ್ಷ ಹಳೆಯದಾದ, ಒಂದು ಸಂಸಾರ ಮಲಗಿ ಏಳಬಹುದಾದಂಥ ಹಾಯಿದೋಣಿಯು ಹಳೆಯ ಕಾರೊಂದರ ಬೆಲೆಗೆ ದೊರೆಯುತ್ತದೆ. ಕೊಳ್ಳುವುದು ಅಲ್ಲಿ ಕಷ್ಟದ ಮಾತಲ್ಲ, ಆಯುವುದೇ ಕಷ್ಟ. ಈ ಆಯ್ಕೆಯ ವಿಷಯದಲ್ಲಿ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಕೈಯಲ್ಲಿ ಮಿತವಾದ ಹಣವಿರುವ ಸಂಸಾರಸ್ಥರು ಆ ಹಣಕ್ಕೆ ಸಿಗುವ ಅತಿ ದೊಡ್ಡ ದೋಣಿಯನ್ನು ಕೊಳ್ಳಬಾರದು. ಮುಂದಿನ ಭಾನುವಾರವೇ ಹಾಯಿ ಬಿಚ್ಚಿ ಹೊರಡಬಲ್ಲ ದೋಣಿಯನ್ನು, ಅದು ಚಿಕ್ಕದಾದರೂ ಸರಿ, ಕೊಳ್ಳಬೇಕು. ಏಕೆಂದು ಇಲ್ಲಿ ವಿವರಿಸುತ್ತೇನೆ.

"ಬಿ.ಎಡ್. ಮಾಡಿದ ಮೇಷ್ಟ್ರಿಗೆ ದೋಣಿಯ ವಿಷಯದಲ್ಲಿ ಏನು ಅಧಿಕಾರ?" ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುವೆ. ನಾನು ನಾವಿಕನಲ್ಲ. ಗಂಗೊಳ್ಳಿಯ ಅಳಿವೆಯ ಆಸುಪಾಸಿನಲ್ಲಿ ಬೆಳೆದವನು. ಬಾಲ್ಯದಲ್ಲಿ ಹಾಯಿ ಬಿಚ್ಚಿ ಹೊರಡುವ ಮಂಜಿಗಳನ್ನು ದಡದಲ್ಲಿ ನಿಂತು ಕಣ್ಣು ತುಂಬ ನೋಡಿದವನು. ಆಮೇಲೆ ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಬೋಧಿಸಿದೆ. 2023ರ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ನಾನೂ ನನ್ನಾಕೆಯೂ ಮೇರಿಲ್ಯಾಂಡ್ ಸಂಸ್ಥಾನದ ಅನಾಪೊಲಿಸ್ ನಗರದ ಸಮೀಪ ಮಗಳ ಮನೆಯಲ್ಲಿದ್ದೆವು. ಆ ಐದು ತಿಂಗಳುಗಳಲ್ಲಿ ಮಗಳು, ಅಳಿಯ ಮತ್ತು ನಾನು ಹದಿನೇಳು ಹಳೆಯ ದೋಣಿಗಳನ್ನು ಹತ್ತಿ ಇಳಿದೆವು. ಅಮೆರಿಕದ ನೌಕಾದಳದ ಅಕಾಡೆಮಿ ಇರುವ ಊರದು. ಪ್ರತಿ ಅಕ್ಟೋಬರಿನಲ್ಲಿ ಹಾಯಿದೋಣಿಗಳದ್ದೇ ಒಂದು ದೊಡ್ಡ ಪ್ರದರ್ಶನ ನಡೆಯುತ್ತದೆ. ಅಲ್ಲಿಯ ಬೀದಿಗಳಲ್ಲಿ ಜನ ದೋಣಿಗಳ ವಿಷಯವನ್ನು ನಮ್ಮವರು ಅಡಿಕೆ ಧಾರಣೆಯ ವಿಷಯ ಮಾತನಾಡುವಂತೆ ಮಾತನಾಡುತ್ತಾರೆ.

ಊರಿನ ಮುಂದಿರುವುದು ಚೆಸಪೀಕ್ ಕೊಲ್ಲಿ. ಉದ್ದ ಸುಮಾರು 320 ಕಿಲೋಮೀಟರ್. ಸರಾಸರಿ ಆಳವೋ ಬರಿಯ 21 ಅಡಿ! ನಮ್ಮೂರಿನ ಎಷ್ಟೋ ಬಾವಿಗಳು ಇದಕ್ಕಿಂತ ಆಳವಾಗಿವೆ. ತಳದಲ್ಲಿ ಮೆತ್ತನೆಯ ಕೆಸರು, ಎರಡೂ ಮಗ್ಗುಲಲ್ಲಿ ನೂರಾರು ತೊರೆಗಳು, ಲಂಗರು ಹಾಕಿ ರಾತ್ರಿ ಕಳೆಯಲು ಪ್ರಶಾಂತವಾದ ತಾಣಗಳು. ಮಕ್ಕಳೊಡನೆ ಹಾಯಿ ಕಲಿಯಲು ಇದಕ್ಕಿಂತ ಸೌಮ್ಯವಾದ ನೀರು ಸಿಗುವುದು ವಿರಳ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಹಠಾತ್ತನೆ ಎರಗುವ ಗುಡುಗು ಮಳೆಯೊಂದನ್ನು ಬಿಟ್ಟರೆ ಭಯಪಡುವಂಥದ್ದು ಹೆಚ್ಚೇನಿಲ್ಲ.

ಹಳೆಯ ದೋಣಿಗಳು ಅಷ್ಟು ಅಗ್ಗವಾಗಿರಲು ಕಾರಣವಿದೆ. 1950ರ ದಶಕದವರೆಗೆ ಇಂಥ ದೋಣಿಗಳನ್ನು ಹೆಚ್ಚಾಗಿ ಮರದಲ್ಲೇ ಕಟ್ಟುತ್ತಿದ್ದರು. ಆರೈಕೆ ತಪ್ಪಿದರೆ ಕೊಳೆತು ಮಣ್ಣಾಗುತ್ತಿದ್ದವು. 1959ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಪಿಯರ್ಸನ್ ಸೋದರಸಂಬಂಧಿಗಳು ಟ್ರೈಟನ್ ಎಂಬ ಇಪ್ಪತ್ತೆಂಟೂವರೆ ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿಯನ್ನು ತಂದಿಟ್ಟರು. ಸ್ವೀಡನ್ ಮೂಲದ ಕಾರ್ಲ್ ಆಲ್ಬರ್ಗ್ ಅದರ ವಿನ್ಯಾಸಕಾರ. ಮಧ್ಯಮ ವರ್ಗದವರ ಕೈಗೆಟಕುವ ಸಂಸಾರದ ದೋಣಿ ಎಂಬ ಕಲ್ಪನೆಯು ಆ ಕಾಲದಲ್ಲಿಯೇ ಬೇರೂರಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಅಚ್ಚಿನಿಂದ ಇಡ್ಲಿ ತೆಗೆದಂತೆ ಸಾವಿರ ಸಾವಿರ ದೋಣಿಗಳು ಹೊರಬಂದವು. ಫ್ರಾಂಕ್ ಬಟ್ಲರ್ ಎಂಬವರ ಕ್ಯಾಟಲಿನಾ 30 ಎಂಬ ಮಾದರಿಯೊಂದೇ 1970ರ ದಶಕದ ನಡುವಿನಿಂದ 2008ರವರೆಗೆ ಆರು ಸಾವಿರಕ್ಕೂ ಮಿಕ್ಕಿ ತಯಾರಾಯಿತು. ಫೈಬರ್‌ಗ್ಲಾಸಿನ ಒಡಲು ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ದೋಣಿ ಕೊಂಡ ಯಜಮಾನರು ಮುದುಕರಾದರು, ಅವರ ಮಕ್ಕಳಿಗೆ ಬೇರೆ ಹವ್ಯಾಸಗಳು ಬಂದವು. ದೋಣಿಗಳು ಮಾತ್ರ ಸಾಯದೆ ಉಳಿದವು. ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆ. ಪುಕ್ಕಟೆಯಾಗಿ ಕೊಡುವವರೂ ಇದ್ದಾರೆ. ಪುಕ್ಕಟೆ ದೋಣಿಯಷ್ಟು ದುಬಾರಿಯಾದುದು ಮತ್ತೊಂದಿಲ್ಲವೆಂದು ಅಲ್ಲಿಯವರೇ ನಗುತ್ತಾರೆ.

ಮಗಳು-ಅಳಿಯಂದಿರು ಕೂಡಿಟ್ಟಿದ್ದುದು ಇಪ್ಪತ್ತು ಸಾವಿರ ಡಾಲರ್. ನಮ್ಮ ರೂಪಾಯಿಗೆ ಪರಿವರ್ತಿಸಿ ಬೆರಗಾಗಬೇಡಿ. ಅಲ್ಲಿಯ ಸಂಬಳ, ಅಲ್ಲಿಯ ಖರ್ಚು ಬೇರೆ. ಅವರ ಪಾಲಿಗೆ ಅದು ಆರು ವರ್ಷಗಳ ಉಳಿತಾಯ. ಕೊನೆಗೆ ಎರಡು ದೋಣಿಗಳು ಪರೀಕ್ಷೆಗೆ ಉಳಿದವು. ಒಂದು, 1970ರ ದಶಕದ ಮೂವತ್ತಾರು ಅಡಿಯ, ಭಾರವಾದ, ಸಾಗರ ದಾಟಬಲ್ಲದೆಂದು ಹೆಸರಾದ ದೋಣಿ. ಕೇಳಿದ ಬೆಲೆ ಒಂಬತ್ತು ಸಾವಿರ. ಆರು ವರ್ಷಗಳಿಂದ ಯಾರ್ಡಿನಲ್ಲಿ ಕಬ್ಬಿಣದ ಊರೆಗಳ ಮೇಲೆ ಟಾರ್ಪಾಲು ಹೊದ್ದು ನಿಂತಿತ್ತು. ಮತ್ತೊಂದು, 1984ರ ಕ್ಯಾಟಲಿನಾ 30. ಕೇಳಿದ ಬೆಲೆ ಹದಿನಾಲ್ಕು ಸಾವಿರ. ವೃದ್ಧ ದಂಪತಿಗಳಿಬ್ಬರು ವಾರ ತಪ್ಪದೆ ಓಡಿಸುತ್ತಿದ್ದುದು. ಯಜಮಾನರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಕಾರಣ ಮಾರಾಟಕ್ಕಿತ್ತು. ಅಳಿಯನ ಕಣ್ಣು ಮೊದಲನೆಯದರ ಮೇಲೆ, ಮಗಳ ಕಣ್ಣು ಎರಡನೆಯದರ ಮೇಲೆ. ಮನೆಯಲ್ಲಿ ಎರಡು ವಾರ ಊಟದ ಹೊತ್ತಿನಲ್ಲಿ ಬೇರೆ ಮಾತಿರಲಿಲ್ಲ. ಮೂರನೆಯ ವಾರ ಮಾತೇ ಇರಲಿಲ್ಲ! ನನ್ನಾಕೆ ಸಾರು ಬಡಿಸುತ್ತಾ, "ದೋಣಿ ನೀರಿಗಿಳಿಯುವ ಮೊದಲೇ ಮನೆಯೊಳಗೆ ತೆರೆ ಎದ್ದಿತಲ್ಲ" ಎಂದಳು.

ಅಳಿಯನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. "ಮಾವ, ನೋಡಿ, ಹಳೆಯ ಕಾಲದ ಭಾರವಾದ ಒಡಲು, ಬಂಡೆಯ ಹಾಗಿದೆ. ಬೆಲೆಯೂ ಐದು ಸಾವಿರ ಕಡಿಮೆ. ದುರಸ್ತಿಯನ್ನು ನಾನೇ ಶನಿವಾರ, ಭಾನುವಾರ ಮಾಡುತ್ತೇನೆ. ಮಾಡುತ್ತಾ ದೋಣಿಯ ನರನಾಡಿಯೆಲ್ಲ ಗೊತ್ತಾಗುತ್ತದೆ. ಚಿಕ್ಕದನ್ನು ಕೊಂಡರೆ ಐದು ವರ್ಷಕ್ಕೆ ಸಾಲದಾಗಿ ಮತ್ತೆ ದೊಡ್ಡದನ್ನು ಕೊಳ್ಳಬೇಕು, ಎರಡು ಖರ್ಚು" ಎಂದರು. ಇದರಲ್ಲಿ ತಥ್ಯವಿದೆ. ತನ್ನ ದೋಣಿಯನ್ನು ತಾನೇ ದುರಸ್ತಿ ಮಾಡಬಲ್ಲವನು ಸಮುದ್ರದಲ್ಲಿ ಅಸಹಾಯಕನಾಗುವುದಿಲ್ಲ. ಮಕ್ಕಳಿಲ್ಲದ ದಂಪತಿಗಳೋ ಮಕ್ಕಳು ಕೈಗೆ ಬಂದವರೋ ಆಗಿದ್ದರೆ ನಾನೂ ಅವರ ಪರವಾಗಿಯೇ ಮಾತನಾಡುತ್ತಿದ್ದೆನೇನೋ. ನಿವೃತ್ತಿಯ ಬಳಿಕ ಪ್ರಪಂಚ ಸುತ್ತಬೇಕೆಂಬುದು ಅವರ ಕನಸು. ಕನಸಿಗೆ ಮಾವ ಅಡ್ಡಬರಬಾರದು.

ಆದರೆ ಗಣಿತದ ಮೇಷ್ಟ್ರು ಸುಮ್ಮನಿರುವುದಾದರೂ ಹೇಗೆ? ಘನದ ಬಾಹುವನ್ನು ಹೆಚ್ಚಿಸಿದರೆ ಘನಫಲ ಎಷ್ಟು ಹೆಚ್ಚುತ್ತದೆಂಬ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಮಾಡಿಸಿದ್ದೇನೆಂಬುದು ನನ್ನ ಶಿಷ್ಯರಿಗೆ ನೆನಪಿರಬಹುದು. ಮೂವತ್ತಡಿಯ ಆಕಾರವನ್ನೇ ಮೂವತ್ತಾರಕ್ಕೆ ಹಿಗ್ಗಿಸಿದರೆ ಉದ್ದ ಹೆಚ್ಚುವುದು ಐದರಲ್ಲಿ ಒಂದು ಪಾಲು ಮಾತ್ರ. ಬಣ್ಣ ಬಳಿಯಬೇಕಾದ ಮೈ 1.44 ಪಟ್ಟಾಗುತ್ತದೆ, ಘನಫಲ, ಅದರೊಡನೆ ಭಾರ, 1.73 ಪಟ್ಟಾಗುತ್ತದೆ! ಹಗ್ಗ ದಪ್ಪವಾಗಬೇಕು, ಲಂಗರು ತೂಕವಾಗಬೇಕು, ಹಾಯಿ ಅಗಲವಾಗಬೇಕು, ಹಗ್ಗ ಸುತ್ತುವ ರಾಟೆ ದೊಡ್ಡದಾಗಬೇಕು. ದೋಣಿಯ ಬೆಲೆಯನ್ನು ಮಾರುವವನ ಅವಸರ ನಿರ್ಧರಿಸುತ್ತದೆ. ಅದರ ಖರ್ಚನ್ನು ಅದರ ಗಾತ್ರ ನಿರ್ಧರಿಸುತ್ತದೆ. ಒಂಬತ್ತು ಸಾವಿರಕ್ಕೆ ಕೊಂಡ ದೊಡ್ಡ ದೋಣಿಯ ಹಾಯಿ, ಒಂಬತ್ತು ಸಾವಿರದ ದೋಣಿಯ ಹಾಯಿ ಎಂದು ಯಾರೂ ಅಗ್ಗಕ್ಕೆ ಹೊಲಿದುಕೊಡುವುದಿಲ್ಲ.

ವೇಗದಲ್ಲಾದರೂ ಲಾಭವುಂಟೇ? ನೀರನ್ನು ಸೀಳಿಕೊಂಡು ಹೋಗುವ ಇಂಥ ದೋಣಿಗಳ ವೇಗಕ್ಕೆ ಒಂದು ಮಿತಿಯಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ವರ್ಗಮೂಲ ತೆಗೆದು, 1.34ರಿಂದ ಗುಣಿಸಿದರೆ ಸ್ಥೂಲವಾಗಿ ಆ ಮಿತಿಯು ನಾಟ್‌ಗಳಲ್ಲಿ ಸಿಗುತ್ತದೆ. ಇಪ್ಪತ್ತೈದು ಅಡಿಗೆ 6.7 ನಾಟ್, ಮೂವತ್ತು ಅಡಿಗೆ 7.3. ವ್ಯತ್ಯಾಸ ಗಂಟೆಗೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಎರಡೂ ನಮ್ಮ ಅಂಚೆಯಣ್ಣನ ಸೈಕಲ್ಲಿನ ವೇಗವೇ. ಇನ್ನು ಪ್ರಪಂಚ ಸುತ್ತುವ ಮಾತು. 1965ರಲ್ಲಿ ರಾಬಿನ್ ಲೀ ಗ್ರಹಾಂ ಎಂಬ ಹದಿನಾರರ ಹುಡುಗ ಕ್ಯಾಲಿಫೋರ್ನಿಯಾದಿಂದ ಒಬ್ಬನೇ ಹೊರಟು, ಪ್ರಪಂಚದ ಬಹುಭಾಗವನ್ನು ಇಪ್ಪತ್ತನಾಲ್ಕು ಅಡಿಯ ದೋಣಿಯಲ್ಲಿಯೇ ಸುತ್ತಿದ. ಕೊನೆಯ ಹಂತಕ್ಕೆ ಮಾತ್ರ ದೊಡ್ಡದೊಂದನ್ನು ಹಿಡಿದ. 1985ರಲ್ಲಿ ನ್ಯೂಯಾರ್ಕಿನಿಂದ ಹೊರಟ ಹದಿನೆಂಟರ ತಾನಿಯಾ ಎಬಿಯ ದೋಣಿ ಇಪ್ಪತ್ತಾರು ಅಡಿ. ಹೀಗಿರುವಾಗ ಇಪ್ಪತ್ತೊಂದು ಅಡಿ ಆಳದ ಕೊಲ್ಲಿಯಲ್ಲಿ ವಾರಾಂತ್ಯ ಕಳೆಯಲು ಮೂವತ್ತು ಅಡಿ ಸಾಲದೇ?

ಈ ಲೆಕ್ಕಗಳೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ಆ ಯಾರ್ಡಿನಲ್ಲಿ ಕಂಡ ಒಂದು ದೃಶ್ಯ. ಮೂವತ್ತಾರು ಅಡಿಯ ದೋಣಿಯ ಪಕ್ಕದಲ್ಲೇ ಮತ್ತೊಂದು ದೋಣಿಯಿತ್ತು. ಅದಕ್ಕೆ ಒರಗಿಸಿದ್ದ ಮರದ ಏಣಿಯ ಕಾಲಿಗೆ ಪಾಚಿ ಹಿಡಿದಿತ್ತು. ನನ್ನ ವಯಸ್ಸಿನವರೇ ಆದ ಒಬ್ಬರು ಒಳಗೆ ಮರ ಉಜ್ಜುತ್ತಿದ್ದರು. ಮಾತನಾಡಿಸಿದಾಗ ಪ್ರೀತಿಯಿಂದ ಒಳಗೆ ಕರೆದು ತೋರಿಸಿದರು. ಎಂಥ ಕೆಲಸಗಾರಿಕೆ! ನಮ್ಮ ಆಚಾರಿಗಳು ಮೆಚ್ಚುವಂಥ ಸಂದುಗಳು. ಹದಿನೈದು ವರ್ಷಗಳಿಂದ ದುರಸ್ತಿ ಮಾಡುತ್ತಿದ್ದಾರಂತೆ. ಮೂಲೆಯ ಗೂಟದಲ್ಲಿ ಕಿತ್ತಳೆ ಬಣ್ಣದ ಪುಟ್ಟ ಜೀವರಕ್ಷಕ ಜಾಕೆಟ್ಟೊಂದು ತೂಗುತ್ತಿತ್ತು, ಆರೇಳು ವರ್ಷದ ಮಗುವಿನ ಅಳತೆಯದು. ಬೆಲೆ ಬರೆದ ಚೀಟಿಯೂ ಅದರಿಂದ ಕಳಚಿರಲಿಲ್ಲ. ಮೊಮ್ಮಗನಿಗೋ ಎಂದು ಕೇಳಿದೆ. ಅಲ್ಲ, ಮಗನಿಗೆ ತಂದದ್ದು, ಅವನೀಗ ಟೆಕ್ಸಾಸಿನಲ್ಲಿ ಕೆಲಸದಲ್ಲಿದ್ದಾನೆ ಎಂದರು. ಅವರು ದುಃಖದಿಂದ ಹೇಳಲಿಲ್ಲ; ಇದ್ದದ್ದನ್ನು ಇದ್ದಂತೆ ಹೇಳಿದರು. ಅಳಿಯನೂ ಕೇಳಿಸಿಕೊಂಡರು. ಕಾರಿನಲ್ಲಿ ಮರಳುವಾಗ ನಾವಿಬ್ಬರೂ ಮಾತನಾಡಲಿಲ್ಲ.

ಆ ವರ್ಷ ಮೊಮ್ಮಗಳಿಗೆ ಹನ್ನೊಂದು, ಮೊಮ್ಮಗನಿಗೆ ಎಂಟು. ಅಮೆರಿಕದಲ್ಲಿ ಮಕ್ಕಳು ಹದಿನೆಂಟಕ್ಕೆ ಕಾಲೇಜೆಂದು ಮನೆ ಬಿಡುತ್ತಾರೆ. ಹುಡುಗಿಗೆ ಉಳಿದಿದ್ದುದು ಏಳು ಬೇಸಿಗೆ. ಹದಿನೈದು ದಾಟಿದ ಮೇಲೆ ಅಪ್ಪ-ಅಮ್ಮನ ಜೊತೆ ದೋಣಿಯಲ್ಲಿ ಮಲಗಲು ಅವಳು ಬರುತ್ತಾಳೆಂಬ ಭರವಸೆಯೇನು? ಮೂರು ದಶಕ ಆ ವಯಸ್ಸಿನ ಮಕ್ಕಳ ನಡುವೆಯೇ ಕಳೆದವನು ನಾನು. ನನಗೆ ಅಂಥ ಭರವಸೆಯಿಲ್ಲ. ಹಾಗಾದರೆ ನಾಲ್ಕೈದು ಬೇಸಿಗೆ. ದುರಸ್ತಿಗೆ ಎರಡು ವರ್ಷ ಎಂದು ಅಳಿಯನ ಅಂದಾಜು. ದುರಸ್ತಿ ಮಾಡುವವರ ಅಂದಾಜನ್ನು ಇಮ್ಮಡಿಸುವುದು ವಾಡಿಕೆಯೆಂದು ಮನೆ ಕಟ್ಟಿಸಿದ ಯಾರೂ ಬಲ್ಲರು. ನಾಲ್ಕರಲ್ಲಿ ನಾಲ್ಕನ್ನೂ ಕಳೆದರೆ ಶೇಷವೆಷ್ಟು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ದುಡ್ಡಿಗೆ ಮಾತ್ರ ಅನ್ವಯಿಸುತ್ತೇವೆ. ಇಲ್ಲಿ ಹಾಸಿಗೆಯೆಂದರೆ ಬೇಸಿಗೆಗಳು. ಇಪ್ಪತ್ತು ಸಾವಿರ ಡಾಲರನ್ನು ಮತ್ತೆ ಆರು ವರ್ಷ ದುಡಿದು ಕೂಡಿಸಬಹುದು. ಹನ್ನೊಂದರ ಹುಡುಗಿಯನ್ನು ಎಲ್ಲಿಂದ ತರೋಣ?

ಅವರಿಬ್ಬರನ್ನೂ ಕೂರಿಸಿ ನಾನು ಹೇಳಿದ್ದಿಷ್ಟೆ. ಮಗಳ ಪರವಾಗಿ ಮಾತನಾಡಿದರೆಂದು ಅಳಿಯ ಭಾವಿಸಬಾರದೆಂದು, ಎರಡು ದೋಣಿಗಳನ್ನೂ ಒಂದೇ ಅಳತೆಗೋಲಿನಿಂದ ಪರೀಕ್ಷಿಸೋಣವೆಂದೂ ಸೂಚಿಸಿದೆ.

ಪರೀಕ್ಷೆಯ ಕ್ರಮವನ್ನು ತುಸು ವಿವರವಾಗಿಯೇ ಹೇಳಬೇಕು. ಅಲ್ಲಿರುವ ನನ್ನ ಶಿಷ್ಯರಿಗೆ ಉಪಯೋಗವಾದೀತು. ಫೈಬರ್‌ಗ್ಲಾಸು ಕೊಳೆಯುವುದಿಲ್ಲವೆಂದೆ, ನಿಜ. ಆದರೆ ದೋಣಿಯ ಮೇಲ್ಛಾವಣಿ, ಅಂದರೆ ಡೆಕ್, ಎರಡು ತೆಳು ಫೈಬರ್‌ಗ್ಲಾಸ್ ಹಾಳೆಗಳ ನಡುವೆ ಬಾಲ್ಸಾ ಮರವನ್ನೋ ಪ್ಲೈವುಡ್ಡನ್ನೋ ಇಟ್ಟು ಮಾಡಿದ್ದು. ಡೆಕ್ಕಿಗೆ ಬಿಗಿದ ಪ್ರತಿಯೊಂದು ತಿರುಪಿನ ರಂಧ್ರವೂ ನೀರಿಗೆ ಬಾಗಿಲು. ವರ್ಷಗಟ್ಟಲೆ ಹನಿ ಹನಿಯಾಗಿ ಇಳಿದ ನೀರು ನಡುವಣ ಮರವನ್ನು ಕೊಳೆಸುತ್ತದೆ. ಮೇಲಿಂದ ನೋಡಿದರೆ ಹೊಳಪಿಗೇನೂ ಕೊರತೆಯಿಲ್ಲ! ಕಂಡುಹಿಡಿಯುವ ಉಪಾಯ ಹಲಸಿನ ಹಣ್ಣನ್ನು ಬಡಿದು ನೋಡುವ ನಮ್ಮ ಅಜ್ಜಿಯರದ್ದೇ. ಪ್ಲಾಸ್ಟಿಕ್ ತಲೆಯ ಚಿಕ್ಕ ಸುತ್ತಿಗೆಯಿಂದ ಅಂಗೈ ಅಗಲಕ್ಕೊಮ್ಮೆ ತಟ್ಟುತ್ತಾ ಹೋಗಬೇಕು. "ಟಣ್" ಎಂದರೆ ಗಟ್ಟಿ, "ದಪ್" ಎಂದರೆ ಕೊಳೆತಿದೆ. ಮೂವತ್ತಾರು ಅಡಿಯ ದೋಣಿಯ ಕೂವೆಕಂಬದ ಬುಡದಿಂದ ಎರಡೂ ಅಂಚುಗಳವರೆಗೆ ನಮಗೆ ಕೇಳಿಸಿದ್ದು "ದಪ್ ದಪ್" ನಾದವೇ. ಅದೊಂದೇ ಕೆಲಸ, ಡೆಕ್ ಕತ್ತರಿಸಿ ಮರ ತೆಗೆದು ಹೊಸದಿಡುವುದು, ಒಂದಿಡೀ ಬೇಸಿಗೆಯನ್ನು ನುಂಗುತ್ತದೆ. ಕ್ಯಾಟಲಿನಾದಲ್ಲಿ ಮುಂಭಾಗದ ಒಂದು ಮೂಲೆ ಮಾತ್ರ, ಊಟದ ಬಾಳೆಲೆಯಷ್ಟು ಜಾಗ, "ದಪ್" ಎಂದಿತು.

ಮುಂದೆ ಕಂಬವನ್ನು ಹಿಡಿದು ನಿಲ್ಲಿಸುವ ತುಕ್ಕುರಹಿತ ಉಕ್ಕಿನ ತಂತಿಗಳು. ಹೆಸರು ಹಾಗಿದ್ದರೂ ಉಪ್ಪುಗಾಳಿಗೆ ಒಳಗೊಳಗೇ ಬಿರುಕುಬಿಡುತ್ತವೆ. ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಸಾಮಾನ್ಯವಾದ ನಿಯಮ. ಆ ತಂತಿಗಳನ್ನು ದೋಣಿಯ ಮೈಗೆ ಜೋಡಿಸುವ ಉಕ್ಕಿನ ಪಟ್ಟಿಗಳು ಡೆಕ್ಕನ್ನು ಹಾದು ಇಳಿಯುವಲ್ಲಿ ಒಳಗಿನ ಮರವು ಕಪ್ಪಾಗಿದೆಯೇ ಎಂದು ಟಾರ್ಚು ಹಿಡಿದು ನೋಡಬೇಕು. ದೋಣಿಯ ಅಡಿಯಲ್ಲಿರುವ ಕೀಲ್ ಎಂಬ ಸೀಸದ ಭಾರವು, ಗೊಂಬೆ ಮಗುಚಿದರೂ ಎದ್ದು ಕೂರುತ್ತದಲ್ಲ, ಆ ತತ್ತ್ವದಿಂದ ದೋಣಿಯನ್ನು ನೇರವಾಗಿಡುತ್ತದೆ. ಅದು ಒಡಲನ್ನು ಸೇರುವಲ್ಲಿ ಮುಂದುಗಡೆ ಬಾಯಿಯಾಕಾರದ ಬಿರುಕು ಕಾಣಿಸುವುದುಂಟು. ಈ ಮಾದರಿಯಲ್ಲಿ ಅದು ಎಷ್ಟು ಸಾಮಾನ್ಯವೆಂದರೆ "ಕ್ಯಾಟಲಿನಾ ನಗು" ಎಂದೇ ಹೆಸರಿಟ್ಟಿದ್ದಾರೆ! ಕಿರುನಗೆಯಾದರೆ ಬೋಲ್ಟು ಬಿಗಿಸಿ ತೇಪೆ ಹಾಕಿದರಾಯಿತು. ಅಟ್ಟಹಾಸವಾದರೆ ದೋಣಿಯಿಂದ ಇಳಿದು ಮನೆಗೆ ಬರುವುದು ಲೇಸು. ನಮ್ಮದು ಕಿರುನಗೆ.

ಎಂಜಿನ್ ವಿಷಯದಲ್ಲಿ ಮಕ್ಕಳಿರುವವರಿಗೆ ನನ್ನದೊಂದು ಹಠವಿದೆ: ಡೀಸೆಲ್ ಇರಲಿ. 1970ರ ದಶಕದ ಎಷ್ಟೋ ದೋಣಿಗಳಲ್ಲಿ ಅಟಾಮಿಕ್ ಫೋರ್ ಎಂಬ ಪೆಟ್ರೋಲ್ ಎಂಜಿನ್ ಇದೆ. ಒಳ್ಳೆಯ ಎಂಜಿನ್ನೇ, ಬಿಡಿಭಾಗಗಳೂ ಸಿಗುತ್ತವೆ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಶೇಖರವಾಗಿ ಒಂದು ಕಿಡಿಗೆ ಕಾಯುತ್ತಿರುತ್ತದೆ. ಮೊದಲು ಫ್ಯಾನ್ ಹಾಕಿ ಆವಿ ಹೊರಹಾಕಿಯೇ ಚಾಲೂ ಮಾಡಬೇಕೆಂಬ ನಿಯಮವನ್ನು ಶಿಸ್ತಿನ ಮನುಷ್ಯ ಪಾಲಿಸಿಯಾನು. ಆದರೆ ಒಂದು ದಿನ ಮಳೆ ಬರುತ್ತಿರುತ್ತದೆ, ಮಗು ಅಳುತ್ತಿರುತ್ತದೆ... ಅಂಥ ದಿನದ ಮೇಲೆ ಪಣ ಕಟ್ಟಬಾರದು. ನೀರಿನ ಮಟ್ಟಕ್ಕಿಂತ ಕೆಳಗಿರುವ ಕವಾಟಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿ. ಎರಡಡಿ ಆಳದಲ್ಲಿ ಒಂದೂವರೆ ಅಂಗುಲದ ರಂಧ್ರ ತೆರೆದುಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ. ಟಾರಿಸೆಲ್ಲಿಯ ಸೂತ್ರ ನೆನಪಿದ್ದವರು ಲೆಕ್ಕ ಹಾಕಿ ನೋಡಿ.

ಇಷ್ಟೆಲ್ಲ ನೋಡಿದ್ದು ಬೇಡವಾದುದನ್ನು ಬಿಡುವ ಸಲುವಾಗಿ. ಬೇಕಾದುದನ್ನು ಕೊಳ್ಳುವ ಮುನ್ನ ವೃತ್ತಿನಿರತ ಸರ್ವೇಯರರನ್ನು ನೇಮಿಸಲೇಬೇಕು. ನಮ್ಮ ತಾಲೂಕು ಕಚೇರಿಯ ಸರಪಳಿ ಹಿಡಿದ ಸರ್ವೇಯರರಲ್ಲ. ದೋಣಿಯನ್ನು ಕ್ರೇನಿನಲ್ಲಿ ನೀರಿನಿಂದೆತ್ತಿಸಿ ಇಡೀ ದಿನ ತಟ್ಟಿ ನೋಡುವ ತಜ್ಞರು. ಅಡಿಗೆ ಸುಮಾರು ಇಪ್ಪತ್ತೈದು ಡಾಲರಿನಂತೆ ಅವರ ಶುಲ್ಕ. ದಲ್ಲಾಳಿ ಸೂಚಿಸಿದವರನ್ನು ಹಿಡಿಯದೆ ನೀವೇ ಹುಡುಕಿಕೊಳ್ಳಿ. ದಲ್ಲಾಳಿಯ ಕಮಿಷನ್ ಕೊಡುವವನು ಮಾರುವವನು, ಅವರ ನಿಷ್ಠೆ ಯಾರ ಕಡೆಗೆಂದು ಹೇಳಬೇಕಾಗಿಲ್ಲ. ಅಲ್ಲಿಯ ಪದ್ಧತಿಯೊಂದು ನನಗೆ ಬಹಳ ಹಿಡಿಸಿತು. ಹತ್ತು ಶೇಕಡಾ ಮುಂಗಡವಿಟ್ಟು, "ತಪಾಸಣೆಯೂ ಪರೀಕ್ಷಾ ಯಾನವೂ ತೃಪ್ತಿಕರವಾದರೆ ಮಾತ್ರ" ಎಂದು ಕರಾರಿನಲ್ಲಿ ಬರೆಸಬಹುದು. ತೃಪ್ತಿಯಾಗದಿದ್ದರೆ ಮುಂಗಡ ವಾಪಸು. ಹಳೆಯ ದೋಣಿಗೆ ಸರ್ವೇಯರರ ವರದಿಯಿಲ್ಲದೆ ವಿಮೆ ಸಿಗುವುದು ಕಷ್ಟ, ವಿಮೆಯಿಲ್ಲದಿದ್ದರೆ ಹೆಚ್ಚಿನ ಮರೀನಾಗಳಲ್ಲಿ ಕಟ್ಟುವ ಜಾಗ ಸಿಗದು. ಆದುದರಿಂದ ಈ ಖರ್ಚು ತಪ್ಪಿಸಲು ನೋಡುವುದು ವ್ಯರ್ಥ.

ಗಂಡಸರು ಮರೆಯುವ ಒಂದು ವಿಷಯವನ್ನು ಮಗಳು ಮರೆಯಲಿಲ್ಲ: ಶೌಚಾಲಯ. ನಗಬೇಡಿ! ಸಂಸಾರವು ಎರಡನೆಯ ಬಾರಿ ದೋಣಿ ಹತ್ತುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹಾಯಿಯೂ ಅಲ್ಲ, ಕೀಲೂ ಅಲ್ಲ. ಕೊಲ್ಲಿಯ ನೀರಿಗೆ ಮಲಿನವನ್ನು ಹಾಗೆಯೇ ಬಿಡುವುದು ಕಾನೂನಿನ ಪ್ರಕಾರ ಅಪರಾಧ. ದೋಣಿಯೊಳಗೊಂದು ತೊಟ್ಟಿಯಿರುತ್ತದೆ, ಮರೀನಾದಲ್ಲಿ ಅದನ್ನು ಪಂಪಿನಿಂದ ಖಾಲಿ ಮಾಡಿಸಬೇಕು. ಆ ತೊಟ್ಟಿಯ ಕೊಳವೆಗಳು ಹಳತಾದರೆ ವಾಸನೆ ರಬ್ಬರಿನೊಳಗೇ ಇಳಿದಿರುತ್ತದೆ. ಮಗಳು ಪ್ರತಿ ದೋಣಿಯಲ್ಲೂ ಮೊದಲು ಆ ಪುಟ್ಟ ಬಾಗಿಲು ತೆರೆದು, ಒದ್ದೆ ಬಟ್ಟೆಯಿಂದ ಕೊಳವೆಯನ್ನು ಉಜ್ಜಿ ಬಟ್ಟೆಯನ್ನು ಮೂಸಿ ನೋಡುತ್ತಿದ್ದಳು. ಹದಿನೇಳರಲ್ಲಿ ಒಂಬತ್ತು ದೋಣಿಗಳು ಅಲ್ಲಿಯೇ ಅನುತ್ತೀರ್ಣವಾದವು.

ಹಾಗೆಂದು ಮಗಳ ಎಲ್ಲ ಮಾತನ್ನೂ ನಾನು ಒಪ್ಪಿದೆನೆಂದಲ್ಲ. ಒಳಗಿನ ಮೆತ್ತೆಗಳನ್ನು ಬದಲಿಸಬೇಕು, ಏರ್ ಕಂಡಿಷನರ್ ಬೇಕು, ಪರದೆ ತೋರಿಸುವ ಹೊಸ ಉಪಕರಣ ಬೇಕು ಎಂಬುದು ಅವಳ ಪಟ್ಟಿ. ಅಳಿಯನದು ಸರಿಯಾದ ಪಟ್ಟಿಯಾಗಿತ್ತು: ಮೊದಲು ತಂತಿ, ಆಮೇಲೆ ಕವಾಟ, ಆಮೇಲೆ ಲಂಗರು. ಮುಂಬದಿಯ ಹಾಯಿಯನ್ನು ಚಾಪೆಯಂತೆ ಸುರುಳಿ ಸುತ್ತುವ ಸಾಧನ ಈ ದೋಣಿಯಲ್ಲಿ ಆಗಲೇ ಇದ್ದುದು ಭಾಗ್ಯ. ಗಾಳಿ ಜೋರಾದಾಗ ಯಾರೂ ಮುಂದಿನ ತುದಿಗೆ ತೆವಳಿ ಹೋಗಬೇಕಿಲ್ಲ. ಹಿಂದೆ ಕುಳಿತಲ್ಲಿಂದಲೇ ಹಗ್ಗ ಎಳೆದರೆ ಸಾಕು. ಕೀಲ್ ಗಿಡ್ಡ ಮಾದರಿಯದು, ನಾಲ್ಕು ಅಡಿ ನಾಲ್ಕು ಅಂಗುಲ. ಆಳವಿಲ್ಲದ ಆ ಕೊಲ್ಲಿಗೆ ಹೇಳಿ ಮಾಡಿಸಿದಂತಿದೆ.

ಅಂಕಿಗಳನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸರ್ವೇಯರರ ವರದಿ ತೋರಿಸಿ ಚೌಕಾಸಿ ಮಾಡಿದ ಬಳಿಕ ದೋಣಿ ಹನ್ನೆರಡು ಸಾವಿರಕ್ಕೆ ಬಂತು. ಮೇರಿಲ್ಯಾಂಡಿನ ಶೇಕಡಾ ಐದರ ತೆರಿಗೆ 600, ತಪಾಸಣೆ 750, ಕ್ರೇನಿಗೆ 400. ಉಳಿದ 6,250ರಲ್ಲಿ ತಂತಿಗಳನ್ನೆಲ್ಲ ಬದಲಿಸಲು 3,900, ಕವಾಟ ಮತ್ತು ಕೊಳವೆಗಳಿಗೆ 700, ಜೀವರಕ್ಷಕ ಜಾಕೆಟ್ಟು ಮತ್ತು ಸುರಕ್ಷಾ ಪಟ್ಟಿಗಳಿಗೆ 500. ಕೈಯಲ್ಲಿ 1,150 ಉಳಿಯಿತು. ದೋಣಿ ಕಟ್ಟುವ ಬಾಡಿಗೆ, ವಿಮೆ, ಚಳಿಗಾಲದ ಏರ್ಪಾಡು ಇವು ಪ್ರತಿವರ್ಷದ ಖರ್ಚು. ಒಟ್ಟು ನಾಲ್ಕು ಸಾವಿರ ದಾಟುತ್ತದೆ, ಅದನ್ನು ತಿಂಗಳ ಸಂಬಳದಿಂದಲೇ ತೆಗೆಯಬೇಕು. ಇದನ್ನು ಭರಿಸಲಾರದವರು ಪುಕ್ಕಟೆ ಸಿಕ್ಕರೂ ದೋಣಿ ಕೊಳ್ಳಬಾರದು. ಒಟ್ಟು ಹಣದಲ್ಲಿ ಮೂರರಲ್ಲೊಂದು ಪಾಲನ್ನು ಖರೀದಿಯ ದಿನ ಮುಟ್ಟದೆ ಇಡಬೇಕೆಂಬ ನನ್ನ ಸಲಹೆ ಈ ಅನುಭವದಿಂದ ಬಂದದ್ದು. ಆ ಪಾಲು ಇಲ್ಲದಿದ್ದರೆ ತಂತಿ ಬದಲಿಸದೆಯೇ ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಪ್ರಲೋಭನೆ ತಪ್ಪದು.

ತಂತಿಯ ಕೆಲಸ ಆ ಚಳಿಗಾಲದಲ್ಲಿಯೇ ಮುಗಿಯಿತು. 2024ರ ಬೇಸಿಗೆಯಲ್ಲಿ ಅವರು ಇಪ್ಪತ್ತೆರಡು ದಿನ ಹಾಯಿ ಬಿಚ್ಚಿದರೆಂದೂ ಏಳು ರಾತ್ರಿ ದೋಣಿಯಲ್ಲೇ ಮಲಗಿದರೆಂದೂ ಮೊಮ್ಮಗಳು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಎರಡು ಬಾರಿ ಕೆಸರಿನಲ್ಲಿ ಸಿಕ್ಕಿಕೊಂಡರಂತೆ. ಭರತಕ್ಕೆ ಕಾದು ಬಿಡಿಸಿಕೊಂಡರು. ಕಾಯುವಾಗ ಅವಳಪ್ಪ ಎಲ್ಲರಿಗೂ ಉಪ್ಪಿಟ್ಟು ಮಾಡಿಕೊಟ್ಟರೆಂಬುದೂ ದಾಖಲಾಗಿದೆ. ಮೂವತ್ತಾರು ಅಡಿಯ ಆ ದೋಣಿಯನ್ನು ಅಳಿಯ ಈಗಲೂ ಆಗಾಗ ಹೋಗಿ ನೋಡಿ ಬರುತ್ತಾರೆ. ನೋಡಲಿ. ಮಕ್ಕಳು ದೊಡ್ಡವರಾದ ಮೇಲೆ ಅಂಥದ್ದೊಂದು ಸಿಕ್ಕೇ ಸಿಗುತ್ತದೆ, ಫೈಬರ್‌ಗ್ಲಾಸಿಗೆ ಸಾವಿಲ್ಲವಲ್ಲ.

ಕೊಳ್ಳಬೇಕೆಂದಿರುವ ಶಿಷ್ಯರಿಗೆ ಕಾಲದ ವಿಷಯದಲ್ಲಿ ಒಂದು ಮಾತು. ವಸಂತದಲ್ಲಿ ಎಲ್ಲರಿಗೂ ದೋಣಿ ಬೇಕು, ಬೆಲೆ ಏರಿರುತ್ತದೆ. ಸೆಪ್ಟೆಂಬರ್ ಕಳೆದು ಚಳಿ ಇಣುಕಿದಾಗ, ಮತ್ತೊಂದು ಚಳಿಗಾಲದ ಬಾಡಿಗೆ ತೆರಲು ಮನಸ್ಸಿಲ್ಲದ ಯಜಮಾನರು ಮಾತಿಗೆ ಬಗ್ಗುತ್ತಾರೆ. ನಮ್ಮ ಚೌಕಾಸಿ ಫಲಿಸಿದ್ದೂ ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಆದರೆ ದೋಣಿ ಆಗಲೇ ನೀರಿನಿಂದ ಮೇಲೆ ಬಂದಿದ್ದರೆ ಎಂಜಿನ್ನನ್ನೂ ಹಾಯಿಯನ್ನೂ ಪರೀಕ್ಷಿಸಲಾಗದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ ಒಂಬತ್ತು ಹಿಗ್ಗುತ್ತದೆಂದು ಪಾಠ ಮಾಡಿದ್ದೆನಲ್ಲ. ಎಂಜಿನ್ನಿನೊಳಗೆ ಉಳಿದ ನೀರು ಹೆಪ್ಪುಗಟ್ಟಿ ಎರಕವನ್ನೇ ಸೀಳಿರಬಹುದು, ಅದು ಏಪ್ರಿಲಿನವರೆಗೆ ಯಾರಿಗೂ ಕಾಣದು. ಅಂಥ ಸಂದರ್ಭದಲ್ಲಿ ಬೆಲೆಯ ಒಂದು ಭಾಗವನ್ನು ವಸಂತದ ಪರೀಕ್ಷಾ ಯಾನದವರೆಗೆ ತಡೆಹಿಡಿಯುವಂತೆ ಕರಾರಿನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಬೇರೆ ದೋಣಿ ನೋಡಿ. ಅಲ್ಲಿ ದೋಣಿಗಳಿಗೆ ಬರವಿಲ್ಲ.